ಟಿಕ್ ಟಿಕ್ ಅನ್ನುತ್ತೆ, ಹೊತ್ತಿಕೊಳ್ಳಲ್ಲ: ಗ್ಯಾಸ್ ಗೀಸರ್ ಏನು ಹೇಳ್ತಿದೆ?

ಬೆಳಗ್ಗೆ ಆರೂವರೆ. ನಲ್ಲಿ ತಿರುಗಿಸಿದರೆ ಗ್ಯಾಸ್ ಗೀಸರ್ ಟಿಕ್ ಟಿಕ್ ಅನ್ನುತ್ತದೆ, ಹೊತ್ತಿಕೊಳ್ಳುವುದಿಲ್ಲ. ಅಥವಾ ಹೊತ್ತಿಕೊಂಡು, ಎರಡು ಮಗ್ ನೀರು ಬರುವಷ್ಟರಲ್ಲಿ ಆರಿಹೋಗುತ್ತದೆ. ತಲೆಗೆ ಶಾಂಪೂ ಹಾಕಿಕೊಂಡು ನಿಂತವರ ಪಾಡು ಕೇಳಲೇಬೇಡಿ.

ಮೆಕ್ಯಾನಿಕ್‌ಗೆ ಫೋನ್ ಮಾಡುವ ಮುಂಚೆ ಆ ಡಬ್ಬದೊಳಗೆ ಏನಾಗುತ್ತದೆ ನೋಡೋಣ. ಹರಿಯುವ ನೀರು ಒಂದು ರಬ್ಬರ್ ಡಯಾಫ್ರಮನ್ನು ತಳ್ಳುತ್ತದೆ, ಅದು ಮೈಕ್ರೋಸ್ವಿಚ್ ಒತ್ತುತ್ತದೆ. ಆಗ ಸರ್ಕ್ಯೂಟ್ ಬೋರ್ಡ್ ಕಿಡಿ ಹಾರಿಸಿ, ಸೊಲೆನಾಯ್ಡ್ ವಾಲ್ವ್ ತೆರೆದು ಗ್ಯಾಸ್ ಬಿಡುತ್ತದೆ. ಕೆಲವೇ ಸೆಕೆಂಡಿನಲ್ಲಿ ಬೆಂಕಿ ಕಾಣದಿದ್ದರೆ ವಾಲ್ವ್ ಮುಚ್ಚಿಕೊಳ್ಳುತ್ತದೆ. ಹೆಚ್ಚಿನ ಮಾಡೆಲ್‌ಗಳಲ್ಲಿ ಇದೆಲ್ಲ ನಡೆಯೋದು 1.5 ವೋಲ್ಟಿನ ಎರಡು ದಪ್ಪ ಸೆಲ್‌ಗಳ ಮೇಲೆ.

ಟಿಕ್ ಸದ್ದೇ ಇಲ್ಲವಾ? ಎರಡೂ ಸೆಲ್ ಒಟ್ಟಿಗೇ ಬದಲಿಸಿ. ಆಮೇಲೆ ನೀರು. ಟ್ಯಾಂಕಿನಿಂದ 10 ಮೀಟರ್ ಕೆಳಗಿದ್ದರೆ ಸಿಗುವುದು ಸುಮಾರು 1 ಬಾರ್ ಒತ್ತಡ. ಟ್ಯಾಂಕಿನ ಕೆಳಗೇ ಇರುವ ಮೇಲ್ಮಹಡಿಗೆ 3 ಮೀಟರ್ ಅಂದುಕೊಂಡರೂ 0.3 ಬಾರ್. ಅದರ ಮೇಲೆ ಬೋರ್‌ವೆಲ್ ನೀರಿನ ಮರಳು ಜಾಲರಿಯಲ್ಲಿ ಕೂತರೆ ಡಯಾಫ್ರಮ್ ಅಲ್ಲಾಡುವುದಿಲ್ಲ. ಕೆಳಗಿನ ಮನೆಯಲ್ಲಿ ಚೆನ್ನಾಗಿ ನಡೆಯುವ ಗೀಸರ್ ಮೇಲೆ ಮುನಿಸಿಕೊಳ್ಳುವುದು ಇದಕ್ಕೇ.

ಸದ್ದಿದೆ, ಬೆಂಕಿ ಇಲ್ಲ ಅಂದರೆ ಸಿಲಿಂಡರ್, ರೆಗ್ಯುಲೇಟರ್ ನೋಡಿ. ಸೋತ ಸೆಲ್ ಕಿಡಿ ಹಾರಿಸುತ್ತೆ, ಆದರೆ ವಾಲ್ವ್ ತೆರೆಯುವಷ್ಟು ತಾಕತ್ತು ಅದಕ್ಕಿರಲಿಕ್ಕಿಲ್ಲ. ಗ್ಯಾಸ್ ವಾಸನೆ ಬಂದರೆ ಮಾತ್ರ ಮತ್ತೆ ಪ್ರಯತ್ನಿಸಬೇಡಿ: ರೆಗ್ಯುಲೇಟರ್ ಮುಚ್ಚಿ, ಕಿಟಕಿ ತೆರೆದು, ಯಾವ ಸ್ವಿಚ್ಚನ್ನೂ ಮುಟ್ಟದೆ ಹೊರಬಂದು 1906ಕ್ಕೆ ಕರೆ ಮಾಡಿ.

ಹೊತ್ತಿ ಆರುವುದು ಸ್ವಲ್ಪ ಬೇರೆ ಕಥೆ. ಬೆಂಕಿಯಲ್ಲೂ ಚೂರು ಕರೆಂಟ್ ಹರಿಯುತ್ತದೆ (ನನಗೆ ಇಂದಿಗೂ ಇದು ಸೋಜಿಗ). ಬರ್ನರ್ ಪಕ್ಕದ ಸಣ್ಣ ಕಡ್ಡಿ ಆ ಕರೆಂಟಿನಿಂದಲೇ ಬೆಂಕಿ ಇದೆ ಎಂದು ತಿಳಿಯುತ್ತದೆ. ಕಡ್ಡಿಗೆ ಮಸಿ ಹಿಡಿದರೆ ಅದು ಕುರುಡು. ಒರೆಸಿದರೆ ಸರಿಹೋಗಬಹುದು, ಆದರೆ ಮಸಿ ಎಲ್ಲಿಂದ ಬಂತು? ಬರ್ನರ್‌ಗೆ ಗಾಳಿ ಸಾಲದೆ ಗ್ಯಾಸ್ ಅರೆಬರೆ ಉರಿದಾಗ ಮಸಿ ಬರುತ್ತದೆ, ಜತೆಗೆ ಕಾರ್ಬನ್ ಮಾನಾಕ್ಸೈಡ್ ಕೂಡ. ಬೆಂಕಿ ನೀಲಿ ಬಿಟ್ಟು ಹಳದಿಯಾಗಿದ್ದರೆ ಬಳಸುವುದನ್ನು ನಿಲ್ಲಿಸಿ, ಸರ್ವಿಸ್ ಮಾಡಿಸಿ.

ಪದೇ ಪದೇ ಆರುತ್ತೆ ಅಂದಾಗ, ಬಿಸಿ ಹೆಚ್ಚಾದರೆ ಗ್ಯಾಸ್ ಕತ್ತರಿಸುವ ಸ್ವಿಚ್ಚಿನ ಎರಡು ವೈರ್ ಸೇರಿಸಿ, ಟೇಪ್ ಸುತ್ತಿ, ‘ಆಯ್ತು ಸಾರ್’ ಅನ್ನುವವರಿದ್ದಾರೆ. ಒಪ್ಪಬೇಡಿ.

ಸಾಮಾನ್ಯ ಗೀಸರ್‌ನ ಈ ಯಾವ ಸೆನ್ಸರ್ ಕೂಡ ಕಾರ್ಬನ್ ಮಾನಾಕ್ಸೈಡ್ ಗುರುತಿಸುವುದಿಲ್ಲ. ಅದಕ್ಕೆ ಬಣ್ಣ, ವಾಸನೆ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಒಂದೇ ಸಲಕ್ಕೆ ಹೊತ್ತಿಕೊಳ್ಳುವ ಗೀಸರ್ ಕೂಡ, ಮುಚ್ಚಿದ ಬಚ್ಚಲುಮನೆಯಲ್ಲಿ ಜೀವ ತೆಗೆಯಬಲ್ಲದು. ಸ್ನಾನದ ನಡುವೆ ತಲೆನೋವು, ತಲೆಸುತ್ತು ಬಂದರೆ ಮೊದಲು ಹೊರಗೆ ಬನ್ನಿ, ಉಳಿದದ್ದು ಆಮೇಲೆ.

ಗೀಸರ್ ಇರಬೇಕಾದ ಜಾಗ ಬಚ್ಚಲಿನ ಹೊರಗೆ, ಗಾಳಿಯಾಡುವ ಕಡೆ. ಒಳಗೆ ಬರಬೇಕಾದ್ದು ಬಿಸಿನೀರಿನ ಪೈಪ್ ಮಾತ್ರ. ಬಾಡಿಗೆ ಮನೆಯ ಓನರ್ ‘ಕಿಟಕಿ ಇದೆಯಲ್ಲಮ್ಮ’ ಅಂದರೆ, ಚಳಿಗಾಲದಲ್ಲಿ ಆ ಕಿಟಕಿಯನ್ನು ಯಾರು ತೆರೆದಿಡುತ್ತಾರೆ ಅಂತ ಅವರನ್ನೇ ಕೇಳಿ.