ಹಸಿಮಾಂಸದ ಬೆಕ್ಕೂ ಲ್ಯಾಬಿನ ಚೀಟಿಯೂ

ಈ ಸಂಚಿಕೆಗೆಂದು ನಾನು ಎತ್ತಿಕೊಂಡ ವಿಷಯವನ್ನು ಕೇಳಿ ಗೆಳೆಯರು ನಕ್ಕರು. ಚರಿತ್ರೆ, ಅರ್ಥಶಾಸ್ತ್ರ, ಕನ್ನಡಗಳನ್ನು ಓದುತ್ತಿರುವ ಅಂತಿಮ ಬಿ.ಎ. ವಿದ್ಯಾರ್ಥಿಗೆ ಬೆಕ್ಕಿನ ಮೂತ್ರದ ಗೊಡವೆ ಏಕೆಂಬುದು ಅವರ ಪ್ರಶ್ನೆ. ಪ್ರಶ್ನೆ ನ್ಯಾಯವಾದುದೇ. ಆದರೆ ಓದಿದವನೆಂಬ ಒಂದೇ ಬಲದಿಂದ ನಾನೊಮ್ಮೆ ನಮ್ಮ ಮನೆಯ ಬೆಕ್ಕಿನ ಮೇಲೆ ತೀರ್ಪು ಹೇಳಿ, ಆ ಮೂಕಪ್ರಾಣಿಯನ್ನು ಉಪವಾಸ ಕೆಡವಿದೆ. ಆ ತಪ್ಪಿನಿಂದ ಕಲಿತುದನ್ನು ಗುರುಗಳ ಮತ್ತು ಸಹಪಾಠಿಗಳ ಮುಂದಿಡುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

ನಮ್ಮ ತಂದೆಯವರು ಮಾಂಸದಂಗಡಿಯೊಂದರಲ್ಲಿ ಕೆಲಸ ಮಾಡುತ್ತಾರೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ಮನೆಯಲ್ಲಿ ಕೆಂಚನೆಂಬ ಆರು ವರ್ಷದ ಗಂಡುಬೆಕ್ಕು ಇದೆ. ಅಪ್ಪ ರಾತ್ರಿ ಅಂಗಡಿ ಮುಚ್ಚಿ ಬರುವಾಗ ಕಾಗದದಲ್ಲಿ ಕಟ್ಟಿ ತರುವ ಕುರಿಮಾಂಸದ ಚೂರು, ಕೋಳಿಯ ಕತ್ತು, ಒಂದಿಷ್ಟು ಈಲಿ, ಇವೇ ಅದರ ಊಟ. ಎಲ್ಲವೂ ಹಸಿ. ಮರಿಯಾಗಿದ್ದಾಗಿನಿಂದ ಅದಕ್ಕೆ ಬೇಯಿಸಿದ ಪದಾರ್ಥದ ರುಚಿಯೇ ಗೊತ್ತಿಲ್ಲ.

ಕಳೆದ ವೈಶಾಖದಲ್ಲಿ ಅಕ್ಕನ ಮದುವೆ ಮನೆಯ ಮುಂದೆಯೇ ನಡೆಯಿತು. ಚಪ್ಪರ, ವಾಲಗ, ಮನೆತುಂಬ ನೆಂಟರು. ಕೆಂಚ ಮಲಗುತ್ತಿದ್ದ ಅಕ್ಕಿಮೂಟೆಯ ಪಕ್ಕದ ಮೂಲೆಯಲ್ಲಿ ಬೀಗರ ಪೆಟ್ಟಿಗೆಗಳು ಕುಳಿತವು. ಮೂರನೆಯ ದಿನ ಕೆಂಚ ಹಿತ್ತಲಿನ ಮರಳುಗುಡ್ಡೆಗೆ ಹತ್ತಾರು ಸಲ ಹೋಗಿ, ಕುಕ್ಕರಿಸಿ, ಎರಡು ಹನಿ ಉಚ್ಚೆ ಹೊಯ್ದು, ನೋವಿನಿಂದ ಅರಚತೊಡಗಿತು. ಬುಟ್ಟಿಯಲ್ಲಿ ಹಾಕಿಕೊಂಡು ಪಶುವೈದ್ಯ ಆಸ್ಪತ್ರೆಗೆ ಓಡಿದೆ. ಡಾಕ್ಟರು ಮೊದಲು ಮಾಡಿದ ಕೆಲಸವೆಂದರೆ ಅದರ ಹೊಟ್ಟೆಯನ್ನು ಮೆಲ್ಲಗೆ ಅದುಮಿ ನೋಡಿದುದು. ಗಂಡುಬೆಕ್ಕಿನ ಮೂತ್ರನಾಳ ಬಲು ಕಿರಿದು. ಅದು ಕಟ್ಟಿಕೊಂಡರೆ ಹೊರಗೆ ಹೋಗಬೇಕಾದ ಕಶ್ಮಲವೂ ಪೊಟ್ಯಾಸಿಯಮ್ಮೂ ರಕ್ತದಲ್ಲಿ ನಿಂತು, ಒಂದೆರಡು ದಿನಗಳಲ್ಲಿ ಪ್ರಾಣವೇ ಹೋಗಬಹುದು. ಕೆಂಚನ ಮೂತ್ರಕೋಶ ಚಿಕ್ಕದಾಗಿ ಮೆತ್ತಗಿತ್ತು, ಕಟ್ಟಿರಲಿಲ್ಲ. ಡಾಕ್ಟರು ನೋವಿಗೆ ಔಷಧ ಕೊಟ್ಟು, ರಕ್ತವನ್ನೂ ಸೂಜಿಯಿಂದ ಮೂತ್ರವನ್ನೂ ತೆಗೆದು, ತಮ್ಮ ಪುಸ್ತಕದಲ್ಲಿ ಏನೋ ಗುರುತು ಹಾಕಿಕೊಂಡು, ಸೀಸೆಗಳನ್ನು ಪಟ್ಟಣದ ಲ್ಯಾಬಿಗೆ ತಲುಪಿಸಲು ನನ್ನ ಕೈಗೆ ಕೊಟ್ಟರು. ಅದು ಮನುಷ್ಯರ ಲ್ಯಾಬು. ನಮ್ಮ ಕಡೆ ಪ್ರಾಣಿಗಳಿಗೆಂದೇ ಲ್ಯಾಬು ಇಲ್ಲ. ನಾನಾದರೋ ಮದುವೆಯ ಬಾಕಿ ಕೆಲಸಗಳನ್ನೆಲ್ಲ ಮುಗಿಸಿ, ಐದು ಗಂಟೆ ತಡವಾಗಿ ಅವುಗಳನ್ನು ಮುಟ್ಟಿಸಿದೆ.

ಮರುದಿನ ಚೀಟಿ ಬಂದಿತು. ಡಾಕ್ಟರು ದನಗಳಿಗೆ ಕಾಲುಬಾಯಿ ಜ್ವರದ ಲಸಿಕೆ ಹಾಕಲು ಹಳ್ಳಿಗಳ ಮೇಲೆ ಹೋಗಿದ್ದರು. ಅವ್ವ ಚೀಟಿಯನ್ನು ನನ್ನ ಕಡೆ ನೀಡಿ, "ನೀನು ಓದ್ದೋನಲ್ವೇನಪ್ಪ? ಏನ್ ಬರ್ದವ್ರೆ ನೋಡ್ಹೇಳು" ಎಂದಳು.

ನೋಡಿದೆ. ರಕ್ತದ ಯೂರಿಯ 62 ಮಿಲಿಗ್ರಾಂ. ಪಕ್ಕದಲ್ಲಿ ಸಹಜ ಮಿತಿ 15ರಿಂದ 40. ಕ್ರಿಯಾಟಿನಿನ್ 1.5, ಸಹಜ ಮಿತಿ 0.6ರಿಂದ 1.2. ಎರಡರ ಮುಂದೆಯೂ 'ಹೆಚ್ಚು' ಎಂಬ ದಪ್ಪ ಗುರುತು. ಮೂತ್ರದಲ್ಲಿ ಪ್ರೋಟೀನು ಒಂದು ಪ್ಲಸ್, ಬಿಳಿಕಣ ಎರಡು ಪ್ಲಸ್, ಅಲ್ಲಲ್ಲಿ ಹರಳುಗಳು. ಮೊಬೈಲಿನಲ್ಲಿ ಅರ್ಧ ಗಂಟೆ ಹುಡುಕಿ ನಾನು ತೀರ್ಪು ಕೊಟ್ಟೆ: "ಎರಡು ಮೂತ್ರಪಿಂಡವೂ ಕೆಟ್ಟಿವೆ. ಹಸಿಮಾಂಸವೇ ಕಾರಣ. ಇನ್ನು ಮೇಲೆ ಹಾಲು ಅನ್ನ ಮಾತ್ರ." ಅಪ್ಪ ಜಗಲಿಯ ಮೇಲೆ ಕುಳಿತಿದ್ದರು. ಬಹಳ ಹೊತ್ತಿನ ಮೇಲೆ, "ಹಂಗಾರೆ ಆರು ವರ್ಷ ನಾನೇ ವಿಷ ಹಾಕ್ದೆ ಅಂತಾಯ್ತು" ಎಂದಷ್ಟೇ ನುಡಿದು ಒಳಗೆ ಹೋದರು. ಕೆಂಚ ಹಾಲನ್ನವನ್ನು ಮೂಸಿ ನೋಡಿ ಮುಖ ತಿರುಗಿಸಿತು. ಮೂರು ದಿನ ಅದು ತಟ್ಟೆಯಲ್ಲಿಟ್ಟುದನ್ನು ಮುಟ್ಟಲಿಲ್ಲ.

ನಾಲ್ಕನೆಯ ದಿನ ಡಾಕ್ಟರು ಬಂದರು. ಚೀಟಿಯನ್ನು ನೋಡಿ ನನ್ನನ್ನು ನಾಲ್ಕು ಪ್ರಶ್ನೆ ಕೇಳಿದರು. ಈ ಮಿತಿ ಯಾರದು? ರಕ್ತ ತೆಗೆಯುವ ಮುಂಚೆ ಬೆಕ್ಕು ಏನು ತಿಂದಿತ್ತು? ಮೂತ್ರ ಎಷ್ಟು ಗಟ್ಟಿಯಾಗಿತ್ತು? ಅದನ್ನು ಎಷ್ಟು ಹೊತ್ತಿನ ಮೇಲೆ ಪರೀಕ್ಷಿಸಿದರು? ಒಂದಕ್ಕೂ ನಾನು ಯೋಚಿಸಿರಲಿಲ್ಲ. ಶಾಸನವನ್ನು ಓದುವಾಗ ಅದು ನಿಂತಿರುವ ಸ್ಥಳ, ಕೆತ್ತಿಸಿದವರು, ಕಾಲ ಇವುಗಳನ್ನು ಮೊದಲು ವಿಚಾರಿಸಬೇಕೆಂದು ನಮ್ಮ ಚರಿತ್ರೆಯ ಗುರುಗಳು ಮೂರು ವರ್ಷದಿಂದ ಹೇಳುತ್ತ ಬಂದಿದ್ದಾರೆ. ಲ್ಯಾಬಿನ ಚೀಟಿಯೂ ಒಂದು ಶಾಸನವೆಂದು ನನಗೆ ಹೊಳೆದಿರಲಿಲ್ಲ. ಆ ನಾಲ್ಕು ಪ್ರಶ್ನೆಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು ಅಳತೆಗೋಲಿನ ವಿಚಾರ. ಚೀಟಿಯಲ್ಲಿ ಅಚ್ಚಾಗಿದ್ದ ಮಿತಿ ಮನುಷ್ಯರದು, ಬೆಕ್ಕಿನದಲ್ಲ. ಅದಲ್ಲದೆ ನಮ್ಮ ದೇಶದ ಲ್ಯಾಬುಗಳು ಸಾಮಾನ್ಯವಾಗಿ ಪೂರ್ತಿ ಯೂರಿಯವನ್ನು ಅಳೆದು ಬರೆಯುತ್ತವೆ. ಪಶುವೈದ್ಯದ ಗ್ರಂಥಗಳು ಹೆಚ್ಚಾಗಿ ಆ ಯೂರಿಯದಲ್ಲಿರುವ ಸಾರಜನಕವನ್ನು ಮಾತ್ರ ಲೆಕ್ಕ ಹಿಡಿಯುತ್ತವೆ. ಮೊದಲನೆಯದನ್ನು 2.14ರಿಂದ ಭಾಗಿಸಿದರೆ ಎರಡನೆಯದು ದೊರೆಯುತ್ತದೆ. ಕೆಂಚನ 62 ಹೀಗೆ 29 ಆಯಿತು. ಬೆಕ್ಕಿಗೆ ಸುಮಾರು 16ರಿಂದ 36ರವರೆಗೆ ಸಹಜ. ಕ್ರಿಯಾಟಿನಿನ್ನಿಗೂ ಇದೇ ಮಾತು. ಮೂತ್ರಪಿಂಡದ ರೋಗಗಳಿಗಾಗಿ 1998ರಲ್ಲಿ ಏರ್ಪಟ್ಟ 'ಐರಿಸ್' ಎಂಬ ಅಂತರರಾಷ್ಟ್ರೀಯ ಪಶುವೈದ್ಯ ಮಂಡಲಿ ಬೆಕ್ಕಿನ ದೀರ್ಘಕಾಲದ ಮೂತ್ರಪಿಂಡ ರೋಗವನ್ನು ನಾಲ್ಕು ಘಟ್ಟಗಳಾಗಿ ವಿಂಗಡಿಸಿದೆ. ಕ್ರಿಯಾಟಿನಿನ್ 1.6ಕ್ಕಿಂತ ಕಡಮೆಯಿದ್ದರೆ ಮೊದಲ ಘಟ್ಟ, 1.6ರಿಂದ 2.8 ಎರಡನೆಯದು, 2.9ರಿಂದ 5.0 ಮೂರನೆಯದು, ಅದಕ್ಕೂ ಮೇಲೆ ನಾಲ್ಕನೆಯದು. ಆದರೆ ರೋಗವಿದೆಯೆಂದು ಬೇರೆ ಆಧಾರಗಳಿಂದ ಸ್ಥಿರಪಟ್ಟ ಮೇಲೆಯೇ, ಅದೂ ಎರಡು ಸಲ ಅಳೆದು, ಈ ಘಟ್ಟಗಳನ್ನು ಹೇಳತಕ್ಕದ್ದು. ಮೊದಲ ಘಟ್ಟದ ಅಂಕೆ ಆರೋಗ್ಯವಂತ ಬೆಕ್ಕಿನಲ್ಲಿಯೂ ಇರುತ್ತದೆ.

ಎರಡನೆಯದು ಊಟ. ಬೆಕ್ಕು ಮಾಂಸವಿಲ್ಲದೆ ಬಾಳಲಾರದ ಪ್ರಾಣಿ. ನಾವು ಅನ್ನ, ಮುದ್ದೆಗಳಿಂದ ಪಡೆಯುವ ಶಕ್ತಿಯ ಬಹುಭಾಗವನ್ನು ಅದು ಪ್ರೋಟೀನು ಮತ್ತು ಕೊಬ್ಬಿನಿಂದ ಪಡೆಯುತ್ತದೆ. ಪ್ರೋಟೀನು ಕರಗಿದಾಗ ಅಮೋನಿಯ ಹುಟ್ಟುತ್ತದೆ. ಅದನ್ನು ಈಲಿಯು ಯೂರಿಯವನ್ನಾಗಿ ಮಾಡಿ ರಕ್ತಕ್ಕೆ ಬಿಡುತ್ತದೆ. ಮೂತ್ರಪಿಂಡವು ಅದನ್ನು ಹೊರಗೆ ಹಾಕುತ್ತದೆ. ಆದುದರಿಂದ ಹಸಿಮಾಂಸವನ್ನೇ ತಿನ್ನುವ ಬೆಕ್ಕಿನ, ಅದರಲ್ಲಿಯೂ ಉಂಡ ಕೆಲವು ಗಂಟೆಗಳಲ್ಲಿ ತೆಗೆದ ರಕ್ತದಲ್ಲಿ, ಯೂರಿಯ ತುಸು ಮೇಲಿರುವುದು ಸೋಜಿಗವಲ್ಲ. ಮೈಯಲ್ಲಿ ನೀರು ಕಡಮೆಯಾದರೂ, ಕರುಳಿನಲ್ಲಿ ರಕ್ತ ಸೋರಿದರೂ ಅದು ಏರುವುದುಂಟು. ಕ್ರಿಯಾಟಿನಿನ್ ಮುಖ್ಯವಾಗಿ ಸ್ನಾಯುಗಳಿಂದ ಹುಟ್ಟುವುದು. ಮೈಕಟ್ಟಿನ ಗಂಡುಬೆಕ್ಕಿನಲ್ಲಿ ಅದು ಸಹಜವಾಗಿಯೇ ಹೆಚ್ಚು. ಬಡಕಲಾದ ಮುದಿಬೆಕ್ಕಿನಲ್ಲಿ ಮೂತ್ರಪಿಂಡ ಕೆಟ್ಟಿದ್ದರೂ ಕಡಮೆಯೇ ಕಾಣಬಹುದು. ಸ್ನಾಯುವಿನ ಹಂಗಿಲ್ಲದ ಎಸ್.ಡಿ.ಎಂ.ಎ. ಎಂಬ ಇನ್ನೊಂದು ಪರೀಕ್ಷೆ ಈಗ ಬಂದಿದೆ. ಸಂಶಯವಿದ್ದಲ್ಲಿ ಅದನ್ನೂ ಮಾಡಿಸುತ್ತಾರೆ.

ಮೂರನೆಯದೇ ಎಲ್ಲಕ್ಕಿಂತ ಮುಖ್ಯವಾದುದು. ಆಲೆಮನೆಯಲ್ಲಿ ತೆಳುವಾದ ಕಬ್ಬಿನ ಹಾಲನ್ನು ಕಾಯಿಸಿ ಗಟ್ಟಿ ಪಾಕ ಮಾಡುವುದನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ. ಮೂತ್ರಪಿಂಡವು ಒಲೆಯಿಲ್ಲದೆ ಅಂತಹದೇ ಕೆಲಸವನ್ನು ಮಾಡುತ್ತದೆ. ರಕ್ತದಿಂದ ಸೋಸಿದ ನೀರಿನಲ್ಲಿ ಬೇಕಾದುದನ್ನು ಹಿಂದಕ್ಕೆಳೆದುಕೊಂಡು ಉಳಿದುದನ್ನು ಗಟ್ಟಿಮಾಡುತ್ತದೆ. ಈ ಗಟ್ಟಿತನವನ್ನು ವಿಶಿಷ್ಟ ಗುರುತ್ವದಿಂದ ಅಳೆಯುತ್ತಾರೆ. ಶುದ್ಧ ನೀರಿನದು 1.000. ಬೆಕ್ಕಿನ ಮೂತ್ರ 1.035 ಅಥವಾ ಮೇಲಿದ್ದರೆ ಪಾಕ ಚೆನ್ನಾಗಿ ಬಂದಿದೆಯೆಂದೇ ಅರ್ಥ. 1.008ರಿಂದ 1.012ರೊಳಗೆ ಮತ್ತೆ ಮತ್ತೆ ನಿಂತರೆ, ಸೋಸಿದ ನೀರು ಸೋಸಿದಂತೆಯೇ ಹೊರಬಿದ್ದಿದೆಯೆಂದು ಅರ್ಥ. ಲ್ಯಾಬಿನ ಬಣ್ಣದ ಕಡ್ಡಿ ಇದಕ್ಕೆ ಸಾಲದು; ಅದರ ಅಳತೆ 1.030ಕ್ಕೇ ನಿಲ್ಲುತ್ತದೆ. ರಿಫ್ರ್ಯಾಕ್ಟೊಮೀಟರ್ ಎಂಬ ಸಣ್ಣ ದೂರದರ್ಶಕದಂತಹ ಉಪಕರಣದ ಗಾಜಿನ ಮೇಲೆ ಒಂದು ಹನಿ ಹಾಕಿ ಬೆಳಕಿಗೆ ಹಿಡಿದು ಓದಬೇಕು. ಡಾಕ್ಟರು ಮೊದಲ ದಿನವೇ ಹಾಗೆ ಓದಿ ಪುಸ್ತಕದಲ್ಲಿ ಬರೆದುಕೊಂಡಿದ್ದರು: 1.048. ನಾನು ಕೇಳಿರಲಿಲ್ಲ.

ಇದರ ತಾತ್ಪರ್ಯವಿಷ್ಟು. ಯೂರಿಯ ಹೆಚ್ಚಿದ್ದು ಮೂತ್ರವೂ ಗಟ್ಟಿಯಾಗಿದ್ದರೆ ಊಟವನ್ನೋ ನೀರಿನ ಕೊರತೆಯನ್ನೋ ಮೊದಲು ವಿಚಾರಿಸಬೇಕು. ಯೂರಿಯ, ಕ್ರಿಯಾಟಿನಿನ್‌ಗಳು ಹೆಚ್ಚಿದ್ದು ಮೂತ್ರ ತೆಳುವಾಗಿದ್ದರೆ ಮೂತ್ರಪಿಂಡವನ್ನು ಸಂಶಯಿಸಬೇಕು. ಆಗ "ನಮ್ಮದು ಹಸಿಮಾಂಸದ ಬೆಕ್ಕು, ಅದಕ್ಕೇ ಹೀಗೆ" ಎಂದು ಸಮಾಧಾನ ಮಾಡಿಕೊಳ್ಳುವುದು ನನ್ನ ತಪ್ಪಿನಷ್ಟೇ ದೊಡ್ಡ ತಪ್ಪು. ಏಕೆಂದರೆ ಮೂತ್ರಪಿಂಡದ ಶಕ್ತಿಯಲ್ಲಿ ಮುಕ್ಕಾಲು ಪಾಲು ಹೋಗುವವರೆಗೂ ಕ್ರಿಯಾಟಿನಿನ್ ಮಿತಿ ದಾಟದೆ ಇರಬಹುದು. ಅದು ಏರಿದಾಗ ಹಗುರವಾಗಿ ಎಣಿಸುವಂತಿಲ್ಲ. ಇನ್ನೊಂದು ಸೂಕ್ಷ್ಮ: ಹಸಿಮಾಂಸದಲ್ಲಿ ನೂರಕ್ಕೆ ಎಪ್ಪತ್ತು ಪಾಲು ನೀರೇ ಇದೆ, ಒಣ ತಿನಿಸಿನಲ್ಲಿ ಹತ್ತು ಪಾಲು ಮಾತ್ರ. ಹಾಗಾಗಿ ಮಾಂಸ ತಿನ್ನುವ ಬೆಕ್ಕು ಬಟ್ಟಲಿನ ನೀರನ್ನು ಹೆಚ್ಚು ಮುಟ್ಟದಿರುವುದು ಸಹಜ. ಅಂತಹ ಬೆಕ್ಕು ಇದ್ದಕ್ಕಿದ್ದಂತೆ ಬಟ್ಟಲು ಬರಿದುಮಾಡತೊಡಗಿದರೆ ಅದೇ ಎಚ್ಚರಿಕೆಯ ಗಂಟೆ.

ನಾಲ್ಕನೆಯದು ಹೊತ್ತು. ಮೂತ್ರ ಆರಿ ತಣ್ಣಗಾದಂತೆ ಸೀಸೆಯಲ್ಲಿಯೇ ಹರಳುಗಳು ಹುಟ್ಟುತ್ತವೆ. ಕೆಂಚನ ಮೂತ್ರದ ಹರಳುಗಳು ಅದರ ಹೊಟ್ಟೆಯಲ್ಲಿ ಇದ್ದವೋ, ನನ್ನ ಚೀಲದಲ್ಲಿ ಐದು ಗಂಟೆ ಕಳೆದಾಗ ಹುಟ್ಟಿದವೋ ಹೇಳುವಂತಿರಲಿಲ್ಲ. ಗಟ್ಟಿ ಮೂತ್ರದಲ್ಲಿ ಅಲ್ಪಸ್ವಲ್ಪ ಹರಳಿರುವುದೇ ರೋಗವೂ ಅಲ್ಲ. ಮಾಂಸಾಹಾರದ ಬೆಕ್ಕಿನ ಮೂತ್ರ ಸಾಮಾನ್ಯವಾಗಿ ಆಮ್ಲದ ಕಡೆಗೆ, ಪಿ.ಹೆಚ್. 6ರಿಂದ 6.5ರ ಆಸುಪಾಸಿನಲ್ಲಿರುತ್ತದೆ, ಧಾನ್ಯದ ಊಟ ಅದನ್ನು ಕ್ಷಾರದ ಕಡೆಗೆ ಒಯ್ಯುತ್ತದೆ. ಸ್ಟ್ರುವೈಟ್ ಎಂಬ ಹರಳಿಗೆ ಕ್ಷಾರವೇ ಇಷ್ಟ. ಅಂದರೆ ನಾನು ವಿಧಿಸಿದ ಹಾಲನ್ನ ಹರಳಿಗೂ ಮದ್ದಾಗಿರಲಿಲ್ಲ! ಬಿಳಿಕಣ ತೋರಿಸುವ ಕಡ್ಡಿ ಬೆಕ್ಕಿನಲ್ಲಿ ಸುಳ್ಳು ಹೇಳುವುದು ಹೆಚ್ಚು, ಸೂಕ್ಷ್ಮದರ್ಶಕದಲ್ಲಿ ಎಣಿಸಬೇಕು. ಪ್ರೋಟೀನಿನ ಒಂದು ಪ್ಲಸ್ ಗಟ್ಟಿ ಮೂತ್ರದಲ್ಲಿ ದೊಡ್ಡದಲ್ಲ. ಪ್ರೋಟೀನನ್ನು ಮೂತ್ರದ ಕ್ರಿಯಾಟಿನಿನ್ನಿನೊಡನೆ ಹೋಲಿಸಿದ ಪ್ರಮಾಣ 0.4ನ್ನು ದಾಟಿದರೆ ಮಾತ್ರ ನಿಜವಾದ ಸೋರಿಕೆ. ಮುಂದೆ ಮಾಡಿಸಿದಾಗ ಕೆಂಚನದು 0.15 ಬಂದಿತು.

ಹಾಗಾದರೆ ಕೆಂಚನಿಗಿದ್ದ ರೋಗವೇನು? ಇಂತಹುದೇ ಕಾರಣವೆಂದು ತೋರದೆ ಮೂತ್ರಕೋಶದಲ್ಲಿ ಏಳುವ ಉರಿಯೂತವೆಂದು ಡಾಕ್ಟರು ಹೇಳಿದರು. ಬೆಕ್ಕುಗಳಲ್ಲಿ ಇದು ತೀರ ಸಾಮಾನ್ಯ. ಮನಸ್ಸಿನ ಕಳವಳದಿಂದ ಕೆರಳುತ್ತದೆ. ನಮ್ಮ ವಾಲಗ, ನಮ್ಮ ಬೀಗರ ಪೆಟ್ಟಿಗೆಗಳು ಅದಕ್ಕೆ ಸಾಕಾಗಿದ್ದವು. ಅದಕ್ಕಿಂತ ಅಪಾಯವಾದುದು ನನ್ನ ಪಥ್ಯ. ಬೆಕ್ಕು ಕೆಲವು ದಿನ ಉಪವಾಸವಿದ್ದರೆ ಮೈಯ ಕೊಬ್ಬೆಲ್ಲ ಈಲಿಗೆ ಬಂದು ತುಂಬಿ ಅದನ್ನು ಕೆಡಿಸುತ್ತದೆ. ಮೂತ್ರಪಿಂಡವನ್ನು ಉಳಿಸಹೊರಟು ನಾನು ಈಲಿಯನ್ನು ಕಳೆಯುವುದರಲ್ಲಿದ್ದೆ. ಇದನ್ನು ಕೇಳಿ ಅವ್ವ ತಲೆ ತಗ್ಗಿಸಿ, "ರಾತ್ರಿ ಹೊತ್ತು ಎರಡು ಚೂರು ನಾನೇ ಹಾಕ್ತಿದ್ದೆ ಸ್ವಾಮಿ, ಇವ್ನಿಗೆ ಹೇಳ್ನಿಲ್ಲ" ಎಂದಳು. ಡಾಕ್ಟರು ನಕ್ಕು, "ಒಳ್ಳೇದು ಮಾಡಿದೆ ತಾಯಿ" ಎಂದರು.

ಆದರೂ ಅವರು ಹಸಿಮಾಂಸವನ್ನು ಹೊಗಳಲಿಲ್ಲ. ಮಾಂಸದಲ್ಲಿ ಟಾರಿನ್ ಎಂಬ ಸತ್ವವಿದೆ. ಅದಿಲ್ಲದೆ ಬೆಕ್ಕಿನ ಹೃದಯ ಹಿಗ್ಗಿ ಸೋಲುತ್ತದೆಂದು ಅಮೆರಿಕದ ಪಾಲ್ ಪಿಯಾನ್ ಮತ್ತು ಸಂಗಡಿಗರು 1987ರಲ್ಲಿ ತೋರಿಸಿದರು. ಆದರೆ ಎಲುಬಿಲ್ಲದ ಮಾಂಸದಲ್ಲಿ ರಂಜಕ ಬಹಳ, ಸುಣ್ಣದಂಶ ಅತ್ಯಲ್ಪ. ದಿನವೂ ಈಲಿ ಹಾಕಿದರೆ ಎ ಜೀವಸತ್ವ ಮಿತಿಮೀರುತ್ತದೆ. ಹಸಿಮಾಂಸದಿಂದ ಸಾಲ್ಮೊನೆಲ್ಲದಂತಹ ಕ್ರಿಮಿಗಳು ಬೆಕ್ಕಿಗೂ ಮನೆಯವರಿಗೂ ಹರಡಬಹುದು. 2024ರಲ್ಲಿ ಅಮೆರಿಕದಲ್ಲಿ ಹಕ್ಕಿಜ್ವರದ ವಿಷಾಣುವಿದ್ದ ಹಸಿ ತಿನಿಸಿನಿಂದ ಬೆಕ್ಕು ಸತ್ತುದೂ ಉಂಟು. ಅಲ್ಲದೆ ನಿಜವಾಗಿ ಮೂತ್ರಪಿಂಡ ಸೋತ ಬೆಕ್ಕಿಗೆ ರಂಜಕವನ್ನು ತಗ್ಗಿಸಲೇಬೇಕು. ಆಗ ಊಟ ಬದಲಾಗಬೇಕಾದುದೇ. ಅದನ್ನು ನಿಧಾನವಾಗಿ, ಬೆಕ್ಕು ಉಣ್ಣುವಂತೆ, ವೈದ್ಯರ ಮಾತಿನಂತೆ ಮಾಡಬೇಕು.

ಕೆಂಚನಿಗೆ ಅದರ ಮೂಲೆಯನ್ನು ಬಿಟ್ಟುಕೊಟ್ಟೆವು. ಈಗ ಮಾಂಸವನ್ನು ಮೆಲ್ಲಗೆ ಬೇಯಿಸಿ, ನೀರು ಬೆರಸಿ, ಡಾಕ್ಟರು ಹೇಳಿದ ಸುಣ್ಣದಂಶದ ಪುಡಿಯನ್ನು ಸೇರಿಸಿ ಹಾಕುತ್ತೇವೆ. ಎರಡು ವಾರದ ಮೇಲೆ, ರಾತ್ರಿಯ ಊಟ ತಪ್ಪಿಸಿ ಬೆಳಗ್ಗೆ ರಕ್ತ ತೆಗೆಸಿದೆವು. ಯೂರಿಯ 51, ಅಂದರೆ ಬೆಕ್ಕಿನ ಲೆಕ್ಕದಲ್ಲಿ ಸುಮಾರು 24, ಕ್ರಿಯಾಟಿನಿನ್ 1.4, ಮೂತ್ರ 1.044. ಚೀಟಿಯ ಮೇಲೆ ಈ ಸಲವೂ 'ಹೆಚ್ಚು' ಎಂದೇ ಅಚ್ಚಾಗಿತ್ತು. ವರ್ಷಕ್ಕೊಮ್ಮೆ ಹೀಗೆಯೇ ಅಳೆಸಿ, ಅಂಕೆಗಳನ್ನು ಸಾಲಾಗಿ ಬರೆದಿಡಲು ಹೇಳಿದ್ದಾರೆ. ಒಂದು ದಿನದ ಅಂಕೆಗಿಂತ ಅದೇ ಬೆಕ್ಕಿನ ಹಿಂದಿನ ವರ್ಷದ ಅಂಕೆಯೇ ಒಳ್ಳೆಯ ಅಳತೆಗೋಲೆಂಬುದು ಅವರ ಮಾತು.

ನಮ್ಮಲ್ಲಿ ಅನೇಕರು ಮನೆಗೆ ಮೊದಲ ಅಕ್ಷರವಂತರು. ಆಸ್ಪತ್ರೆಯ ಚೀಟಿ, ಬ್ಯಾಂಕಿನ ಕಾಗದ, ಕೋರ್ಟಿನ ನೋಟೀಸು, ಎಲ್ಲವೂ ನಮ್ಮ ಕೈಗೇ ಬರುತ್ತವೆ; ನಾವು ಹೇಳಿದುದನ್ನು ಮನೆಯವರು ಮರುಮಾತಿಲ್ಲದೆ ನಂಬುತ್ತಾರೆ. ಅಕ್ಷರವನ್ನು ಓದಬಲ್ಲವನು ಅರ್ಥವನ್ನೂ ಬಲ್ಲನೆಂದು ಅವರೆಣಿಕೆ. ಅಂದು ಆಸ್ಪತ್ರೆಯಿಂದ ಬಂದು ಎಲ್ಲವನ್ನೂ ವಿವರಿಸಿದಾಗ ಅಪ್ಪ ನಡುವೆಯೇ ತಡೆದು, "ಅದೆಲ್ಲ ಇರ್ಲಿ. ನಾನ್ ಹಾಕಿದ್ದು ವಿಷ ಅಲ್ಲ ತಾನೆ?" ಎಂದು ಕೇಳಿದರು. ಅಲ್ಲವೆಂದೆ. ಮೂರು ದಿನದಿಂದ ಬರಿಗೈಯಲ್ಲಿ ಬರುತ್ತಿದ್ದ ಅವರು ಆ ರಾತ್ರಿ ಕಾಗದದ ಪೊಟ್ಟಣದೊಡನೆ ಬಂದರು.