ಮನೆಗೆ ಗೆದ್ದಲು ಬಂದಿರುವುದನ್ನು ಗುರುತಿಸುವುದು ಹೇಗೆ?

ಕೆಲವು ವರ್ಷಗಳ ಹಿಂದೆ ನಮ್ಮ ಮನೆಯ ಅಟ್ಟದಿಂದ ಹಳೆಯ ಮರದ ಪೆಟ್ಟಿಗೆಯೊಂದನ್ನು ಇಳಿಸಿದೆವು. ಹೊರಗಿನಿಂದ ಪೆಟ್ಟಿಗೆ ನೆಟ್ಟಗಿತ್ತು. ಮುಚ್ಚಳ ತೆಗೆದಾಗ ತೋಟದ ಕ್ರಯಪತ್ರ, ಕಂದಾಯದ ರಸೀದಿಗಳೆಲ್ಲ ಮಣ್ಣಾಗಿದ್ದವು. ಪತ್ರದ ದೃಢೀಕೃತ ನಕಲನ್ನು ಉಪನೋಂದಣಿ ಕಛೇರಿಯಿಂದ ಪಡೆದದ್ದಾಯಿತು, ರಸೀದಿಗಳು ಹೋದವು. ಪೆಟ್ಟಿಗೆಯ ಹಿಂದಿನ ಗೋಡೆಯಲ್ಲಿ ನೆಲದಿಂದ ಅಟ್ಟದವರೆಗೆ ಪೆನ್ಸಿಲಿನಷ್ಟು ದಪ್ಪದ ಮಣ್ಣಿನ ಗೆರೆಯಿತ್ತು. ಸುಣ್ಣ ಬಳಿಯುವಾಗ ಅದನ್ನು ಕಂಡೂ, ಮಣ್ಣು ಮೆತ್ತಿದೆಯೆಂದು ಒರೆಸಿ ಸುಮ್ಮನಾಗಿದ್ದೆವು. ಸದಸ್ಯ ಬಾಂಧವರು ಇದೇ ತಪ್ಪು ಮಾಡಬಾರದೆಂದು ಈ ನಾಲ್ಕು ಮಾತು.

ಸಕಲೇಶಪುರ, ಆಲೂರು ಕಡೆಯ ತೋಟಗಳಲ್ಲಿ ಹುತ್ತ ಕಂಡೊಡನೆ ಗುದ್ದಲಿ ಹಿಡಿಯುವವರಿದ್ದಾರೆ. ನಾಗನ ಸ್ಥಾನವೆಂದು ಹಾಲೆರೆಯುವವರೂ ಇದ್ದಾರೆ. ಹುತ್ತವನ್ನು ಕಟ್ಟುವುದು ಗೆದ್ದಲು. ಹಾವು ಬಿಟ್ಟಿ ಒಕ್ಕಲು. ನಮ್ಮ ಕಣ್ಣಿಗೆ ಕಾಣುವ ಗೋಪುರವು ಗೂಡಿನ ಮೇಲ್ಭಾಗ ಮಾತ್ರ. ರಾಣಿಹುಳು ಒಳಗಡೆ ಗಟ್ಟಿಮಣ್ಣಿನ ಕೋಣೆಯಲ್ಲಿರುತ್ತದೆ. ಆದ್ದರಿಂದ ಮೇಲಿನದನ್ನು ಒಡೆದರೆ ಗೂಡು ಸಾಯುವುದಿಲ್ಲ, ಮತ್ತೆ ಏಳುತ್ತದೆ. ಹುತ್ತ ಕಟ್ಟುವ ಈ ಜಾತಿಗಳು ತರಗೆಲೆ, ಒಣಕಡ್ಡಿಗಳನ್ನು ತಿಂದು, ಅದರ ಮೇಲೆ ಒಂದು ಬಗೆಯ ಬೂಷ್ಟನ್ನು ಬೆಳೆಸಿ ಉಣ್ಣುತ್ತವೆ. ಮಳೆಗಾಲದಲ್ಲಿ ನಾವು ಆಸೆಯಿಂದ ಆರಿಸುವ ಹುತ್ತದ ಅಣಬೆ ಆ ಬೇಸಾಯದ ಫಲವೇ. ಬೇಸಿಗೆಯಲ್ಲಿ ಎಳೆಯ ಸಸಿಗಳಿಗೆ ಕಾಟ ಕೊಡಬಹುದೆಂಬುದನ್ನು ಬಿಟ್ಟರೆ, ಮನೆಯಿಂದ ದೂರವಿರುವ ಹುತ್ತಕ್ಕೆ ಹೆದರಬೇಕಾಗಿಲ್ಲ. ಆದರೆ ಹುತ್ತವಿಲ್ಲವೆಂದು ಮೈಮರೆಯುವಂತೆಯೂ ಇಲ್ಲ. ಹುತ್ತ ಕಟ್ಟದೆ ನೆಲದೊಳಗೇ ಬಾಳುವ ಗೆದ್ದಲುಗಳೂ ಇವೆ.

ಮನೆಯಲ್ಲಿ ನೋಡಬೇಕಾದ ಗುರುತುಗಳು ಇವು:

1. ತಳಪಾಯ, ಗೋಡೆ, ಚೌಕಟ್ಟುಗಳ ಮೇಲೆ ಮಣ್ಣಿನ ಗೆರೆ. ಗೆದ್ದಲು ಬೆಳಕಿಗೂ ಒಣಗಾಳಿಗೂ ಹೆದರಿ ಈ ಕೊಳವೆಯೊಳಗೇ ಓಡಾಡುತ್ತದೆ. ಅಂಗುಲದಷ್ಟು ಕೆರೆದು ಬಿಡಿ. ಎರಡು ಮೂರು ದಿನಗಳಲ್ಲಿ ಮತ್ತೆ ಕಟ್ಟಿದ್ದರೆ ಒಳಗೆ ಹುಳು ಇದೆಯೆಂದೇ ಅರ್ಥ. ಕಟ್ಟದಿದ್ದರೂ ನಿಶ್ಚಿಂತೆ ಬೇಡ. ಬೇರೆ ದಾರಿ ಹಿಡಿದಿರಬಹುದು.

2. ಮಳೆ ಬಿದ್ದ ಸಂಜೆ ದೀಪಕ್ಕೆ ಮುತ್ತುವ ಈಸಲು ಹುಳು ರೆಕ್ಕೆ ಬಂದ ಗೆದ್ದಲೇ. ಹೊರಗಿನಿಂದ ಬಂದರೆ ಅದು ಸಹಜ. ಮುಚ್ಚಿದ ಕೋಣೆಯ ಕಿಟಕಿಯಡಿ ಉದುರಿದ ರೆಕ್ಕೆಗಳ ರಾಶಿ ಕಂಡರೆ ಗೂಡು ಮನೆಯಡಿಯಲ್ಲೇ ಇರಬಹುದು. ಗೆದ್ದಲಿನ ನಾಲ್ಕು ರೆಕ್ಕೆಗಳೂ ಒಂದೇ ಅಳತೆ, ಸೊಂಟ ದಪ್ಪ. ಇರುವೆಯ ಮುಂದಿನ ರೆಕ್ಕೆ ದೊಡ್ಡದು, ಸೊಂಟ ಸಣ್ಣ.

3. ತೊಲೆ, ಜಂತೆ, ಹೊಸ್ತಿಲುಗಳನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಟೊಳ್ಳು ಸದ್ದು. ಒಳಗೆ ಮಣ್ಣು ತುಂಬಿದ್ದರೆ ಗೆದ್ದಲು. ಸಣ್ಣ ತೂತುಗಳಿಂದ ಹಿಟ್ಟಿನಂತಹ ಪುಡಿ ಉದುರುತ್ತಿದ್ದರೆ ಅದು ಕುಟ್ಟೆ ಹುಳು; ಅದರ ಉಪಾಯವೇ ಬೇರೆ.

ಇನ್ನು ಮಾಡಬೇಕಾದದ್ದು: ಮಣ್ಣಿಗೂ ಮರಕ್ಕೂ ಇರುವ ನಂಟನ್ನು ಕಡಿಯುವುದು. ಗೋಡೆಗೆ ಒರಗಿಸಿ ಸೌದೆ, ಅಡಿಕೆ ದಬ್ಬೆ ಪೇರಿಸಬಾರದು. ಸೌದೆಯನ್ನು ಕಲ್ಲುಗಳ ಮೇಲೆ, ಗೋಡೆಯಿಂದ ದೂರ ಇಡಬೇಕು. ಕಾಫಿ ಮೂಟೆಗಳ ಅಡಿಗೆ ಹಲಗೆ ಇದ್ದರೂ ಆ ಹಲಗೆಯನ್ನೇ ಆಗಾಗ ಎತ್ತಿ ನೋಡಬೇಕು. ಸೂರಿನ ನೀರು ತಳಪಾಯದಲ್ಲಿ ನಿಲ್ಲದಂತೆ ಚರಂಡಿ ತೆಗೆಯಬೇಕು. ಕಾಗದಪತ್ರಗಳನ್ನು ತಗಡಿನ ಪೆಟ್ಟಿಗೆಯಲ್ಲಿ, ಗೋಡೆಗೆ ತಾಗದಂತೆ ಇಡುವುದು ಮೇಲು.

ಹಿಂದೆ ಧಾರಾಳವಾಗಿ ಸುರಿಯುತ್ತಿದ್ದ ಆಲ್ಡ್ರಿನ್, ಬಿ.ಎಚ್.ಸಿ.ಗಳು 1990ರ ದಶಕದಲ್ಲೇ ನಮ್ಮ ದೇಶದಲ್ಲಿ ನಿಷೇಧವಾಗಿವೆ. ಉಗ್ರಾಣದ ಮೂಲೆಯಲ್ಲಿ ಹಳೆಯ ಡಬ್ಬಿ ಉಳಿದಿದ್ದರೆ ಅದನ್ನು ಬಳಸಬೇಡಿ. ತೋಟಕ್ಕೆ ಸಿಂಪಡಿಸಿ ಮಿಕ್ಕ ಔಷಧಿಯನ್ನು ತಳಪಾಯಕ್ಕೆ ಸುರಿಯುವುದೂ ಬೇಡ. ನಮ್ಮ ಬಾವಿಗಳು ಮನೆಯ ಪಕ್ಕದಲ್ಲೇ ಇವೆ. ಕಟ್ಟಡಗಳ ಗೆದ್ದಲು ನಿವಾರಣೆಗೆ ಐ.ಎಸ್. 6313 ಎಂಬ ಭಾರತೀಯ ಮಾನಕವಿದೆ. ಅದನ್ನು ತಿಳಿದ, ಪರವಾನಗಿ ಪಡೆದವರಿಂದಲೇ ಕೆಲಸ ಮಾಡಿಸಿ. ಹೊಸ ಮನೆ ಕಟ್ಟುವವರು ತಳಪಾಯದ ಹಂತದಲ್ಲೇ ಮಾಡಿಸಿದರೆ ಖರ್ಚೂ ಕಡಿಮೆ, ಚಿಂತೆಯೂ ಕಡಿಮೆ.

ಮುಂಗಾರಿಗೆ ಮೊದಲೊಮ್ಮೆ, ಕೊಯ್ಲು ಮುಗಿದ ಮೇಲೊಮ್ಮೆ ಟಾರ್ಚ್ ಹಿಡಿದು ಮನೆ, ಉಗ್ರಾಣ, ಅಟ್ಟಗಳನ್ನು ಸುತ್ತಿ ಬನ್ನಿರೆಂದು ಸದಸ್ಯರಲ್ಲಿ ನಮ್ಮ ವಿನಂತಿ. ಅರ್ಧ ಗಂಟೆಯ ಕೆಲಸ. ಉಳಿಯುವುದು ಹಿರಿಯರು ಬಿಟ್ಟುಹೋದ ಮನೆ.