ಹೆಸರಿನಲ್ಲಿ ಉಳಿದ ನಾಡು
ತೊಟ್ಟಿಲಲ್ಲಿಡುವ ಹೆಸರು ನಾಡಿನ ಚರಿತ್ರೆಗೂ ಸಾಕ್ಷಿಯಾಗಿರುತ್ತದೆ. ಹುನಗುಂದ ಸೀಮೆಯ ಸಂಗಪ್ಪ-ಸಂಗವ್ವರು ಕೃಷ್ಣಾ-ಮಲಪ್ರಭೆಯರು ಕೂಡುವೆಡೆಯ ಸಂಗಮನಾಥನನ್ನೂ, ಇಳಕಲ್ಲಿನ ಮಹಾಂತಪ್ಪ-ಮಹಾಂತವ್ವರು ಅಲ್ಲಿಯ ವಿಜಯ ಮಹಾಂತೇಶ ಮಠವನ್ನೂ, ಬಾದಾಮಿಯ ಬನಪ್ಪ-ಬನವ್ವರು ಬನಶಂಕರಿಯನ್ನೂ ನೆನಪಿಗೆ ತರುವರು. ಕ್ರಿ.ಶ. 543ರಲ್ಲಿ ಬಾದಾಮಿಯ ಕೋಟೆಯನ್ನು ಕಟ್ಟಿಸಿದ ಪುಲಕೇಶಿಯ ಹೆಸರನ್ನು ಮಕ್ಕಳಿಗಿಡುವವರೂ ಉಂಟು. ಅಜ್ಜನ ಹೆಸರನ್ನೇ ಮೊಮ್ಮಗನಿಗಿಟ್ಟು, ಮಾವನ ಹೆಸರೆತ್ತಲಾರದ ಸೊಸೆಯು ಕೂಸನ್ನು ‘ಅಜ್ಜಪ್ಪ’ ಎಂದೇ ಕರೆದ ಮನೆಗಳುಂಟು.

ಈಗ ಯಾವ ಊರಿಗೂ ಸಲ್ಲುವ ಎರಡಕ್ಷರದ ಹೆಸರುಗಳು ಹೆಚ್ಚುತ್ತಿವೆ. ಹೊಸತನ್ನು ನಾವು ಹಳಿಯೆವು. ಆದರೆ ಹಳೆಯ ಬಾಗಲಕೋಟೆಯ ಎಷ್ಟೋ ಓಣಿಗಳು ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿಹೋದವು. ಮುಳುಗಿದ ನೆಲ ಮರಳಿ ಬಾರದು. ಅಜ್ಜ-ಅಜ್ಜಿಯರ ಹೆಸರನ್ನು ಎರಡನೆಯ ಹೆಸರಾಗಿಯಾದರೂ ಉಳಿಸಿಕೊಳ್ಳುವುದಕ್ಕೆ ಯಾವ ಸರಕಾರದ ಅಪ್ಪಣೆಯೂ ಬೇಕಿಲ್ಲ.